ಸೂಟ್‌ಕೇಸ್ ಸಾಕು, ಹಣ್ಣು ಕೊಡಿ

ವಲಸೆಯ ಮೇಲೆ ಶಿಲ್ಪ ಮಾಡಿ ಅಂದರೆ ಸಾಕು, ಕಲಾವಿದರ ಕೈ ಮೊದಲು ಸೂಟ್‌ಕೇಸಿಗೇ ಹೋಗುತ್ತದೆ.

ಫ್ರಾನ್ಸಿನ ಶಿಲ್ಪಿ ಬ್ರೂನೋ ಕತಲಾನೋ ಅವರ ಕಂಚಿನ ಪ್ರಯಾಣಿಕರ ಫೋಟೋ ನೀವೂ ನೋಡಿರುತ್ತೀರಿ. ಮೈಯ ನಡುಭಾಗವೇ ಇಲ್ಲ, ಆ ಖಾಲಿ ಜಾಗದಲ್ಲಿ ಹಿಂದಿನ ಸಮುದ್ರ ಕಾಣುತ್ತದೆ. ಮೇಲಿನ ಅರ್ಧ ಬೀಳದಂತೆ ಹಿಡಿದಿರುವುದು ಒಂದು ತೋಳು, ಒಂದು ಪೆಟ್ಟಿಗೆ. ಮೊದಲ ಸಲ ನೋಡಿ ದಂಗಾಗಿದ್ದೆ. ಹತ್ತನೇ ಸಲಕ್ಕೆ ಬರೀ ಚಮತ್ಕಾರ ಅನಿಸಿತು.

ಲಂಡನ್ನಿನ ವಾಟರ್ಲೂ ರೈಲು ನಿಲ್ದಾಣದಲ್ಲೂ ಅದೇ ಕಥೆ. 1948ರಲ್ಲಿ ಎಂಪೈರ್ ವಿಂಡ್‌ರಶ್ ಹಡಗಿನಲ್ಲಿ, ಆಮೇಲೆ ಇನ್ನೆಷ್ಟೋ ಹಡಗುಗಳಲ್ಲಿ ಕೆರಿಬಿಯನ್ ದ್ವೀಪಗಳಿಂದ ಬ್ರಿಟನ್ನಿಗೆ ಬಂದವರ ನೆನಪಿಗೆ 2022ರಲ್ಲಿ ನಿಲ್ಲಿಸಿದ ಬೇಸಿಲ್ ವಾಟ್ಸನ್ ಅವರ ಕಂಚಿನ ಶಿಲ್ಪ. ಗಂಡ, ಹೆಂಡತಿ, ಮಗು ಕೈಕೈ ಹಿಡಿದು ನಿಂತಿದ್ದಾರೆ. ಎಲ್ಲಿ? ಸೂಟ್‌ಕೇಸುಗಳ ರಾಶಿಯ ಮೇಲೆ! ಇದು ಅವರಲ್ಲಿ ಬಹಳ ಜನ ನೆಲೆಸಿದ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಇರಬೇಕಿತ್ತು ಅಂತ ತಕರಾರು ಎದ್ದಿತ್ತು. ನನಗೂ ಹಾಗೇ ಅನಿಸುತ್ತದೆ. ಸ್ಟೇಷನ್ ಅಂದರೆ ಬಂದಿಳಿಯುವ ಜಾಗ. ಅವರು ಬಂದು ಎಪ್ಪತ್ತು ವರ್ಷವಾದರೂ ಇನ್ನೂ ಪೆಟ್ಟಿಗೆ ಹಿಡಿದು ಅಲ್ಲೇ ನಿಂತಿರಬೇಕಾ?

ಅದೇ ಲಂಡನ್ನಿನ ಹ್ಯಾಕ್ನಿಯಲ್ಲಿ, ಅದೇ ಜನರಿಗಾಗಿ 2021ರಲ್ಲಿ ವೆರೋನಿಕಾ ರಯಾನ್ ಮಾಡಿದ್ದು ನೋಡಿ. ಮನುಷ್ಯರಿಲ್ಲ, ಹಡಗಿಲ್ಲ. ಮೂರು ದೊಡ್ಡ ಹಣ್ಣುಗಳು: ಸೀತಾಫಲ, ದೀವಿ ಹಲಸು, ಲಕ್ಷ್ಮಣಫಲ. ಅಮೃತಶಿಲೆ ಮತ್ತು ಕಂಚಿನವು. ಪೀಠಗೀಠ ಏನೂ ಇಲ್ಲ, ಯಾರೋ ಚೀಲದಿಂದ ಉರುಳಿಸಿ ಹೋದ ಹಾಗೆ ನೆಲದ ಮೇಲೇ ಕೂತಿವೆ. (ಫೋಟೋದಲ್ಲಿ ನೋಡಿದ್ದಷ್ಟೇ. ಆದರೂ ಆ ಮುಳ್ಳುಮುಳ್ಳು ಮೈಯನ್ನು ಮುಟ್ಟಿ ನೋಡುವ ಆಸೆಯಾಯಿತು.) ರಯಾನ್ ಹುಟ್ಟಿದ್ದು ಕೆರಿಬಿಯನ್ನಿನ ಮಾಂಟ್ಸೆರಾಟ್ ದ್ವೀಪದಲ್ಲಿ. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಹ್ಯಾಕ್ನಿಯ ರಿಡ್ಲಿ ರೋಡ್ ಮಾರ್ಕೆಟ್‌ಗೆ ಹಣ್ಣು, ತರಕಾರಿ ತರಲು ಹೋಗುತ್ತಿದ್ದರಂತೆ. ಅಂದರೆ ಇದು ಬಂದಿಳಿದ ದಿನದ ಕಥೆ ಅಲ್ಲ. ಇಳಿದ ಮೇಲೆ ವಾರವಾರವೂ ಸಂತೆ ಮಾಡಿಕೊಂಡು ಬದುಕಿದ ಕಥೆ.

ಇನ್ನೊಂದು ಮಜಾ ಇದೆ. ದೀವಿ ಹಲಸು ಕೆರಿಬಿಯನ್ನಿನದ್ದೇ ಅಲ್ಲ! ಅದರ ಸಸಿಗಳನ್ನು ಪೆಸಿಫಿಕ್‌ನ ಟಹೀಟಿಯಿಂದ ಹಡಗಿನಲ್ಲಿ ತುಂಬಿಕೊಂಡು 1793ರಲ್ಲಿ ಅಲ್ಲಿಗೆ ತಂದವನು ಕ್ಯಾಪ್ಟನ್ ವಿಲಿಯಂ ಬ್ಲೈ. ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರಿಗೆ ಕಡಿಮೆ ಖರ್ಚಿನಲ್ಲಿ ಊಟ ಹಾಕಬೇಕಿತ್ತಲ್ಲ, ಅದಕ್ಕೆ. ಅವರ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಅದೇ ಹಣ್ಣು ಊರಿನ ರುಚಿಯಾಯಿತು. ಈಗ ಲಂಡನ್ನಿನ ಬೀದಿಯಲ್ಲಿ ಶಿಲ್ಪವಾಗಿ ಕೂತಿದೆ. ಮಕ್ಕಳು ಅದರ ಮೇಲೆ ಕೈಯಾಡಿಸಿಕೊಂಡು ಹೋಗಬಹುದು.