ಎಸ್‌ಎಂಪಿಎಸ್ ಮೊದಲು, ಲೈಟು ಆಮೇಲೆ

ತಿಪಟೂರಿನಲ್ಲಿ ಅಕ್ಕನ ಮನೆಯ ಕಂಪ್ಯೂಟರ್‌ಗೆ ವಯಸ್ಸಾಗಿತ್ತು. ಇಂಟೆಲ್ಲಿನ ನಾಲ್ಕನೇ ಜನರೇಷನ್ನಿನ ಐ5 ಪ್ರೊಸೆಸರ್. ಓಡುತ್ತಿತ್ತು, ಇಲ್ಲ ಅನ್ನಲ್ಲ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ನಿಂತಿತು. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಎಂಟನೇ ಜನರೇಷನ್ ಬೇಕಂತೆ. ಅಕ್ಕನ ಮಗಳು ಆರ್ಕಿಟೆಕ್ಚರ್ ಎರಡನೇ ವರ್ಷ ಓದುತ್ತಿದ್ದಾಳೆ. "ಮಾಮ, ಹೊಸದು ಅಸೆಂಬಲ್ ಮಾಡಿಸೋಣ, ಲಿಸ್ಟ್ ರೆಡಿ ಇದೆ" ಅಂತ ವಾಟ್ಸಾಪ್‌ನಲ್ಲಿ ಕಳಿಸಿದಳು.

ಲಿಸ್ಟ್ ನೋಡಿದೆ. ಎಎಂಡಿಯ ರೈಜನ್ 5 7500ಎಫ್ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ವಾಟರ್ ಕೂಲರ್, ಬಣ್ಣ ಬಣ್ಣದ ಲೈಟಿನ ಮೂರು ಫ್ಯಾನು, ಗಾಜಿನ ಕ್ಯಾಬಿನೆಟ್. ಕೊನೇ ಸಾಲು: "ಎಸ್‌ಎಂಪಿಎಸ್ - ಕ್ಯಾಬಿನೆಟ್ ಜೊತೆ ಫ್ರೀ ಬರುತ್ತೆ."

ಆ ಒಂದು ಸಾಲಿಗೆ ನನ್ನ ಎದೆ ಧಸಕ್ ಅಂತು. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದ ಹಾಗೆ ಇಳಿಸಿ ಕೊಡುವ ಡಬ್ಬಿ. ನನ್ನ ಮೊದಲ ಕಂಪ್ಯೂಟರ್‌ನಲ್ಲೂ ಇದ್ದದ್ದು ಫ್ರೀ ಬಂದ ಎಸ್‌ಎಂಪಿಎಸ್ಸೇ. ಒಂದು ಮಳೆಗಾಲದ ರಾತ್ರಿ ಕರೆಂಟ್ ಹೋಗಿ ಬಂತು. ಟಪ್ ಅಂತ ಶಬ್ದ, ಸುಟ್ಟ ವಾಸನೆ. ಅದು ಒಂದೇ ಹೋಗಿದ್ದರೆ ಪರವಾಗಿರಲಿಲ್ಲ. ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮಗನ ನಾಮಕರಣದ ಫೋಟೋ ಎಲ್ಲ ಅದರಲ್ಲೇ ಇದ್ದವು.

ಅದಕ್ಕೇ ಹೇಳ್ತೀನಿ, ಲಿಸ್ಟ್ ಮಾಡುವಾಗ ಎಸ್‌ಎಂಪಿಎಸ್ ಮೊದಲು ಬರೀರಿ. ಕೇಳೋರು ಕಡಿಮೆ ಅಂತ ಗೊತ್ತು.

ಇಬ್ಬರೂ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆವು. ಅಂಗಡಿಯವರು ಎರಡು ಎಸ್‌ಎಂಪಿಎಸ್ ತಂದು ಮುಂದಿಟ್ಟರು. ಒಂದು ಕ್ಯಾಬಿನೆಟ್ ಜೊತೆ ಬರೋದು, ಇನ್ನೊಂದು ಸುಮಾರು ನಾಲ್ಕು ಸಾವಿರದ್ದು. "ಎರಡನ್ನೂ ಕೈಯಲ್ಲಿ ಹಿಡಿದು ನೋಡು" ಅಂದೆ. ಹುಡುಗಿ ತಿಪಟೂರಿನವಳು. ಕಾಯಿ ಅಲ್ಲಾಡಿಸಿದರೆ ಒಳಗೆ ಗಿಟುಕಾಗಿದೆಯೋ ಇಲ್ಲವೋ ಹೇಳುವ ಮನೆತನ. ಫ್ರೀದನ್ನು ಎತ್ತಿದವಳೇ "ಮಾಮ, ಇದರೊಳಗೆ ಏನೂ ಇಲ್ವಲ್ಲ" ಅಂದಳು. ನಿಜ. ತಾಮ್ರದ ಸುರುಳಿ, ದೊಡ್ಡ ಕೆಪಾಸಿಟರ್, ಹೀಟ್‌ಸಿಂಕ್ ಇವಕ್ಕೇ ತೂಕ ಇರೋದು. ಅಗ್ಗದ್ದರಲ್ಲಿ ಉಳಿತಾಯ ಮಾಡೋದೂ ಇವುಗಳಲ್ಲೇ.

ತೂಕ ಒಂದನ್ನೇ ನಂಬಬೇಡಿ, ಪಕ್ಕದ ಸ್ಟಿಕ್ಕರ್ ಓದಿ. ಫ್ರೀದರ ಸ್ಟಿಕ್ಕರಿನಲ್ಲಿ ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್ ಅಂತಿತ್ತು. ಕೆಳಗೆ ಸಣ್ಣಕ್ಷರದಲ್ಲಿ 12 ವೋಲ್ಟ್ ಮುಂದೆ 16 ಆಂಪಿಯರ್. ಗುಣಿಸಿದರೆ 192 ವ್ಯಾಟ್, ಅಷ್ಟೇ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಕರೆಂಟ್ ಎಳೆಯೋದು ಆ 12 ವೋಲ್ಟ್‌ನಿಂದಲೇ ಅಲ್ವಾ? ಉಳಿದದ್ದು ಇದ್ದೂ ಉಪಯೋಗಕ್ಕಿಲ್ಲ. ಇನ್ನು ಡಬ್ಬಿ ಮೇಲೆ ಬರೆಯುವ '80 ಪ್ಲಸ್ ಬ್ರಾಂಜ್' ಅನ್ನೋದು ಎಷ್ಟು ಕರೆಂಟ್ ದಂಡವಾಗಲ್ಲ ಅನ್ನೋದರ ಲೆಕ್ಕ, ಗಟ್ಟಿತನದ ಸರ್ಟಿಫಿಕೇಟ್ ಅಲ್ಲ. ನಾನು ಅದರ ಜೊತೆ ವಾರಂಟಿ ಎಷ್ಟು ವರ್ಷ ಅಂತ ನೋಡ್ತೀನಿ. ಐದು ವರ್ಷ ಕೊಟ್ಟಿದ್ದ 550 ವ್ಯಾಟಿನದು ತಗೊಂಡೆವು.

ಆಮೇಲೆ ಆ 'ಎಫ್' ಅಕ್ಷರ. 7500ಎಫ್‌ನಲ್ಲಿ ಒಳಗೆ ಡಿಸ್‌ಪ್ಲೇ, ಅಂದರೆ ಸ್ಕ್ರೀನಿಗೆ ಚಿತ್ರ ಕಳಿಸುವ ಭಾಗ, ಇಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಸ್ಕ್ರೀನ್ ಮೇಲೆ ಏನೂ ಬರಲ್ಲ. ಸ್ವಲ್ಪ ಜಾಸ್ತಿ ಕೊಟ್ಟು 7600 ತಗೊಂಡರೆ ಡಿಸ್‌ಪ್ಲೇ ಇದೆ. ಅವಳಿಗೆ ಈ ವರ್ಷ ಬೇಕಿರೋದು ಮನೆ ನಕ್ಷೆ, ಮಾದರಿ ಬಿಡಿಸುವ ಆಟೋಕ್ಯಾಡ್, ಸ್ಕೆಚಪ್. ಸದ್ಯಕ್ಕೆ ಅಷ್ಟರಲ್ಲಿ ನಡೆಯುತ್ತದೆ. ದೊಡ್ಡ ರೆಂಡರಿಂಗ್ ಕೆಲಸ ಬಂದಾಗ ಕಾರ್ಡ್ ಹಾಕಿಕೊಳ್ಳಲಿ. ವಾಟರ್ ಕೂಲರ್ ಹೊಡೆದುಹಾಕಿದೆ. 7600 ಬರೀ 65 ವ್ಯಾಟಿನದು, ಡಬ್ಬಿಯಲ್ಲೇ ಕೂಲರ್ ಬರುತ್ತದೆ.

ಮದರ್‌ಬೋರ್ಡ್ ಎಎಂ5 ಸಾಕೆಟ್ಟಿನದು. ಸಾಕೆಟ್ ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. ಈ ಸಾಕೆಟ್ಟಿಗೆ 2027 ದಾಟುವ ತನಕ ಹೊಸ ಪ್ರೊಸೆಸರ್ ಕೊಡ್ತೀವಿ ಅಂತ ಎಎಂಡಿ ಹೇಳಿದೆ. ಕಂಪನಿಗಳ ಮಾತು ನಾನು ಸುಲಭಕ್ಕೆ ನಂಬಲ್ಲ. ಆದರೆ ಇದರ ಹಿಂದಿನ ಸಾಕೆಟ್, 2016ರಲ್ಲಿ ಬಂದ ಎಎಂ4ಗೆ 2024ರಲ್ಲೂ ಹೊಸ ಪ್ರೊಸೆಸರ್ ಬಿಟ್ಟಿದ್ದರು. ಹಾಗಾಗಿ ಈ ಸಲ ನಂಬಿದೆ.

ಹೊಟ್ಟೆ ಉರಿದದ್ದು ರ್‍ಯಾಮ್ ರೇಟ್ ಕೇಳಿ. ಎಐ ಡೇಟಾ ಸೆಂಟರ್‌ನವರು ಮೆಮೊರಿ ಚಿಪ್ಪನ್ನೆಲ್ಲ ಬಾಚಿಕೊಳ್ಳುತ್ತಿದ್ದಾರೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ, ನಮ್ಮಂಥವರಿಗೆ ಮಾರುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡಿನ ವ್ಯಾಪಾರವನ್ನೇ ನಿಲ್ಲಿಸ್ತೀವಿ ಅಂದುಬಿಟ್ಟಿತು. 32 ಜಿಬಿ ಆಸೆ ಬಿಟ್ಟೆವು. 8 ಜಿಬಿಯ ಎರಡು ಹಾಕಿಸಿ, ಜೋಡಿ ಇದ್ದರೆ ಸ್ಪೀಡು ಜಾಸ್ತಿ ಅಂದರು ಅಂಗಡಿಯವರು. ಅವರ ಮಾತು ಸುಳ್ಳಲ್ಲ. ಆದರೆ ಮುಂದೆ ಇನ್ನೆರಡು ಸೇರಿಸಿದರೆ ನಾಲ್ಕು ಸ್ಲಾಟೂ ತುಂಬುತ್ತವೆ, ಈ ಬೋರ್ಡಿಗೆ ಹಾಕುವ ಡಿಡಿಆರ್5 ಜಾತಿಯ ಮೆಮೊರಿಯಲ್ಲಿ ಹಾಗೆ ತುಂಬಿಸಿದರೆ ಸ್ಪೀಡ್ ಇಳಿಯುತ್ತದೆ. ರೇಟ್ ಇಳಿದ ಮೇಲೆ ಇನ್ನೊಂದು ಸೇರಿಸೋಣ ಅಂತ 16 ಜಿಬಿಯದು ಒಂದೇ ಹಾಕಿಸಿದೆ. ತಪ್ಪು ಅನ್ನೋರು ಕಾಮೆಂಟಿನಲ್ಲಿ ಬೈಯಿರಿ, ಕೇಳಿಸ್ಕೋತೀನಿ.

ಗಾಜಿನ ಕ್ಯಾಬಿನೆಟ್ ವಿಷಯದಲ್ಲಿ ನಾನೇ ಸೋತೆ. ಲೈಟು ಇರಲಿ ಬಿಡಿ, ಹುಡುಗಿ ಆಸೆ. ಯುಪಿಎಸ್ ತಗೊಳ್ಳುವಾಗ ಮಾತ್ರ ಇನ್ನೊಂದು ಪಾಠ ಮಾಡಿದೆ. 600 ವಿಎ ಅಂದರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360. ಮುಂದೆ ಕಾರ್ಡ್ ಬಂದಾಗ ಅದು ಸಾಲದು. ಅದಕ್ಕೇ ದೊಡ್ಡದು ತಗೊಂಡೆವು.

ಇಷ್ಟೆಲ್ಲ ಆಗಿ ಊರಿಗೆ ತಂದು ಜೋಡಿಸಿದರೆ, ಕ್ಯಾಬಿನೆಟ್ಟಿನ ಹಿಂದಿನ ಸ್ಕ್ರೂ ಮುಟ್ಟಿದ ತಕ್ಷಣ ಬೆರಳು ಜುಮ್ ಅಂತು. ಅಕ್ಕ "ಹೊಸದೇ ಕೆಟ್ಟದ್ದು ಕೊಟ್ಟಿದ್ದಾರೆ" ಅಂತ ಶುರು ಮಾಡಿದಳು. ಕೆಟ್ಟಿರಲಿಲ್ಲ. ಹಳೇ ಮನೆ. ಗೋಡೆಯ ಸಾಕೆಟ್ಟಿಗೆ ಮೂರು ತೂತಿದೆ, ಮೂರನೆಯ ಅರ್ಥ್ ತೂತಿಗೆ ವೈರೇ ಇಲ್ಲ. ಎಸ್‌ಎಂಪಿಎಸ್‌ನ ಫಿಲ್ಟರ್‌ನಿಂದ ಸೋರುವ ಚೂರು ಕರೆಂಟ್ ಭೂಮಿಗೆ ಹೋಗೋಕೆ ದಾರಿ ಇಲ್ಲದೆ ಕ್ಯಾಬಿನೆಟ್ಟಿನ ಮೈಮೇಲೆ ಕೂತಿರುತ್ತದೆ. ಹಳೇ ಕಂಪ್ಯೂಟರೂ ಹೀಗೇ ಜುಮ್ ಅನ್ನುತ್ತಿತ್ತಂತೆ, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಮಾರನೇ ದಿನ ಎಲೆಕ್ಟ್ರಿಷಿಯನ್ ಬಂದು ಹಿತ್ತಲಲ್ಲಿ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ ಅರ್ಥಿಂಗ್ ಮಾಡಿಕೊಟ್ಟರು. ಜುಮ್ ಅನ್ನೋದು ನಿಂತಿತು. ಬೇಸಿಗೆಯಲ್ಲಿ ಗುಂಡಿ ಒಣಗದ ಹಾಗೆ ಆಗಾಗ ನೀರು ಹಾಕಿ ಅಂತ ಹೇಳಿ ಹೋದರು.

ಈಗ ಅಕ್ಕ ವಾರಕ್ಕೊಂದು ಸಲ ಫೋನ್ ಮಾಡ್ತಾಳೆ. "ತೆಂಗಿನ ಸಸಿಗೂ ಹಾಕಿದೆ, ನಿನ್ನ ಕಂಪ್ಯೂಟರ್‌ಗೂ ಒಂದು ಕೊಡ ನೀರು ಹಾಕಿದೆ ಕಣೋ."