ಎದುರಾಳಿಯ ಹೆಸರಿಲ್ಲದ ಬೀಳ್ಕೊಡುಗೆ

ಟೀವಿಯಲ್ಲಿ ಬರುವ ಡಬ್ಲ್ಯು.ಡಬ್ಲ್ಯು.ಇ. ಕಂಪನಿಯ ಅಮೆರಿಕನ್ ಕುಸ್ತಿಪಟು ಜಾನ್ ಸೀನಾನ ಕೊನೆಯ ಮ್ಯಾಚ್ ಮುಗಿದಾಗ ಇಲ್ಲಿ ನ್ಯೂಜೆರ್ಸಿಯಲ್ಲಿ ಶನಿವಾರ ರಾತ್ರಿ. ಮೈಸೂರಿನಲ್ಲಿ ಭಾನುವಾರದ ಬೆಳಿಗ್ಗೆ. ನಮ್ಮ ಸ್ಕೂಲ್ ಗೆಳೆಯರ ವಾಟ್ಸ್‌ಆಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಬಂತು. "ಕೊನೇ ಮ್ಯಾಚಲ್ಲೇ ಸೋತ್ನಂತೆ. ಇಷ್ಟೇನಾ?" ಅದರ ಕೆಳಗೆ ಇನ್ನೊಬ್ಬ, "17 ಸಲ ಚಾಂಪಿಯನ್ ಆಗಿ ಏನ್ ಬಂತು ಮಗಾ." ಮೂರನೆಯವನು, "ಎಲ್ಲಾ ಮೊದಲೇ ಫಿಕ್ಸ್ ಕಣೋ, ತಲೆ ಕೆಡಿಸ್ಕೋಬೇಡಿ." ಅಷ್ಟಕ್ಕೇ ಮಾತು ಮುಗಿಯಿತು. ಆಮೇಲೆ ಯಾರದೋ ಗೃಹಪ್ರವೇಶದ ಪತ್ರಿಕೆ ಬಂತು.

ನನಗೆ ಚುಚ್ಚಿತು. ಇವರೆಲ್ಲ ಪರೀಕ್ಷೆ ಹಿಂದಿನ ರಾತ್ರಿಯೂ ಟೀವಿ ಸದ್ದು ತಗ್ಗಿಸಿಕೊಂಡು ಕುಸ್ತಿ ನೋಡಿದವರು. ಸೀನಾ ಮುಖದ ಮುಂದೆ ಕೈ ಆಡಿಸುತ್ತಿದ್ದ ಹಾಗೆ ಕ್ಲಾಸಿನಲ್ಲಿ ಆಡಿಸಿ ಮೇಷ್ಟ್ರ ಕೈಲಿ ಏಟು ತಿಂದವರು. ಅಂಥವರಿಗೆ ಅವನು ಹೋಗುವ ದಿನ ಒಂದಾದರೂ ಮ್ಯಾಚ್ ನೆನಪಾಗಬಾರದಿತ್ತೇ?

ಸೋಮವಾರ ಆಫೀಸಿಗೆ ಹೋದೆ. ಊಟದ ಹೊತ್ತಿನಲ್ಲಿ ಮೇಜಿನ ಸುತ್ತ ಇದೇ ಮಾತು ನಡೆಯುತ್ತಿತ್ತು. ಸಂಬಳದ ವಿಭಾಗದಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದಾರೆ, ಮೊಮ್ಮಕ್ಕಳ ಜೊತೆ ಕೂತು ಇದನ್ನೆಲ್ಲ ನೋಡುವವರು. ಗೋಡೌನಿನ ಒಬ್ಬ ಹುಡುಗ, ಇನ್ನೂ ಕಾಲೇಜು ಮುಗಿಸದ ಒಬ್ಬ ಟ್ರೇನಿ ಕೂಡ ಇದ್ದರು. ಅವರು ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಅವನ ಬೆಸ್ಟ್ ಮ್ಯಾಚ್ ಯಾವುದು? 17ರ ಲೆಕ್ಕ ಯಾರ ಬಾಯಲ್ಲೂ ಬರಲಿಲ್ಲ. ಉತ್ತರ ಕೊಟ್ಟ ಪ್ರತಿಯೊಬ್ಬರೂ ಎರಡು ಹೆಸರು ಹೇಳಿದರು. ಸೀನಾ ಮತ್ತು ಪಂಕ್. ಸೀನಾ ಮತ್ತು ಉಮಾಗಾ. ಸೀನಾ ಮತ್ತು ಸ್ಟೈಲ್ಸ್. ಎದುರಾಳಿಯ ಹೆಸರು ಹೇಳದೆ ಮ್ಯಾಚ್‌ನ ಹೆಸರು ಹೇಳಲು ಇವರಿಗೆ ಬರುವುದೇ ಇಲ್ಲ.

ಅವರು ಆರಿಸಿದ ಮ್ಯಾಚ್‌ಗಳನ್ನು ನೋಡಿ. ಗೋಡೌನಿನ ಹುಡುಗ ಹೇಳಿದ್ದು 2011ರ ಜುಲೈನಲ್ಲಿ ಶಿಕಾಗೋ ಪಕ್ಕದ ರೋಸ್‌ಮಾಂಟ್‌ನಲ್ಲಿ ಸಿ.ಎಂ. ಪಂಕ್ ವಿರುದ್ಧ ಆಡಿದ್ದು. ಶಿಕಾಗೋ ಪಂಕ್‌ನ ತವರೂರು. ಕಂಪನಿಯ ಜೊತೆಗಿನ ಅವನ ಒಪ್ಪಂದವೂ ಆ ರಾತ್ರಿಗೇ ಮುಗಿಯುತ್ತಿತ್ತು. ಇಡೀ ಸಭಾಂಗಣ ಸೀನಾಗೆ ಬೈಯುತ್ತಿತ್ತು. ಅರ್ಧ ಗಂಟೆಗೂ ಜಾಸ್ತಿ ಹೊತ್ತು ಕಾದಾಡಿ ಸೀನಾ ಸೋತ. ಪಂಕ್ ಚಾಂಪಿಯನ್‌ಗೆ ಸಿಗುವ ಬೆಲ್ಟ್ ಎತ್ತಿಕೊಂಡು ಜನರ ಮಧ್ಯದಿಂದಲೇ ಹೊರಟುಹೋದ. ಟ್ರೇನಿ ಹೇಳಿದ್ದು 2016ರ ಆಗಸ್ಟ್‌ನ ಬ್ರೂಕ್ಲಿನ್ ಮ್ಯಾಚ್. ಅಲ್ಲೂ ಎ.ಜೆ. ಸ್ಟೈಲ್ಸ್ ಎದುರು ಸೀನಾ ಸೋತು, ತೋಳಿಗೆ ಕಟ್ಟಿದ ಪಟ್ಟಿಯನ್ನು ಬಿಚ್ಚಿ ರಿಂಗಿನಲ್ಲೇ ಬಿಟ್ಟು ನಡೆದ. ಇನ್ನೊಬ್ಬರು 2007ರ ಲಂಡನ್ ಮ್ಯಾಚ್ ಎತ್ತಿದರು. ಅಲ್ಲಿ ಶಾನ್ ಮೈಕಲ್ಸ್ ಜೊತೆ ಸುಮಾರು ಒಂದು ಗಂಟೆ ಹೋರಾಡಿ ಸೋತಿದ್ದ. ಮತ್ತೆ 2006ರ ನ್ಯೂಯಾರ್ಕ್ ರಾತ್ರಿ. ಸೀನಾ ಗೆದ್ದರೆ ದಂಗೆ ಎಬ್ಬಿಸುತ್ತೇವೆ ಅಂತ ಜನ ಬರೆದು ಹಿಡಿದಿದ್ದರು. ಅವನು ಎಸೆದ ಟೀಶರ್ಟನ್ನು ಅವನಿಗೇ ವಾಪಸ್ ಎಸೆದರು. ಅವನು ಮತ್ತೆ ಎಸೆದ, ಅವರು ಮತ್ತೆ ವಾಪಸ್ ಎಸೆದರು. ಆ ರಾತ್ರಿ ಗೆದ್ದವನು ರಾಬ್ ವ್ಯಾನ್ ಡ್ಯಾಮ್.

ನಾಲ್ಕೂ ಸೋಲುಗಳು! ಅಭಿಮಾನಿಗಳು ಪ್ರೀತಿಯಿಂದ ಆರಿಸಿ ತೆಗೆದದ್ದು ಸೋಲುಗಳನ್ನು. ಆ ಮೇಜಿನಲ್ಲಿ ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮೂರಲ್ಲಿ ಹೀಗೆ ಕೂತು ಮಾತಾಡಿದ್ದು ನನಗೆ ನೆನಪಿಲ್ಲ.

ಸಂಬಳದ ವಿಭಾಗದ ಆ ಹಿರಿಯರು ಹೇಳಿದ್ದು ಮಾತ್ರ ಸೀನಾ ಗೆದ್ದ ಮ್ಯಾಚ್. 2007ರ ಜನವರಿ, ಸ್ಯಾನ್ ಆಂಟೋನಿಯೋದಲ್ಲಿ ಉಮಾಗಾ ವಿರುದ್ಧ. ಒಬ್ಬ ಬಿದ್ದು ಹತ್ತು ಎಣಿಸುವವರೆಗೂ ಏಳದಿದ್ದರೆ ಮಾತ್ರ ಮುಗಿಯುವ ಪಂದ್ಯ. ಸೀನಾನ ಮುಖವೆಲ್ಲ ರಕ್ತ. ಕೊನೆಗೆ ರಿಂಗಿನ ಹಗ್ಗವನ್ನೇ ಕುತ್ತಿಗೆಗೆ ಸುತ್ತಿ ಉಮಾಗಾನನ್ನು ಮಲಗಿಸಿದ. ಆದರೆ ಆ ಹಿರಿಯರು ಜಾಸ್ತಿ ಮಾತಾಡಿದ್ದು ಉಮಾಗಾನ ಬಗ್ಗೆ. ಅಷ್ಟು ದೊಡ್ಡ ಮೈಯವನು ಅಷ್ಟು ಚುರುಕಾಗಿ ಓಡಾಡಿದ್ದು, ಪ್ರತಿ ಸಲ ಎದ್ದು ಬಂದಾಗ ಇವರಿಗೆ ಆದ ಭಯ. ಉಮಾಗಾ 2009ರಲ್ಲೇ ತೀರಿಕೊಂಡ. ಸೀನಾ ನಿವೃತ್ತನಾದ ವಾರ, ಅವನು ಸತ್ತು 16 ವರ್ಷ ಆದಮೇಲೆ, ನ್ಯೂಜೆರ್ಸಿಯ ಒಂದು ಊಟದ ಮೇಜಿನಲ್ಲಿ ಅವನ ಹೆಸರು ಗೌರವದಿಂದ ಬಂತು. ಬೀಳ್ಕೊಡುಗೆ ಅಂದರೆ ಹೀಗಿರಬೇಕು ಅಂತ ನನಗೆ ಅನಿಸಿತು.

ನಾವು ಈ ಕುಸ್ತಿಯನ್ನು ಕಲಿತದ್ದೇ ಬೇರೆ ರೀತಿ. ನಮಗೆ ಮೊದಲು ಸಿಕ್ಕಿದ್ದು ಅಂಗಡಿಯಲ್ಲಿ ಮಾರುವ ಕುಸ್ತಿಪಟುಗಳ ಟ್ರಂಪ್ ಕಾರ್ಡ್‌ಗಳು. ಅದರಲ್ಲಿ ಏನಿರುತ್ತಿತ್ತು? ರ್‍ಯಾಂಕ್, ಎತ್ತರ, ತೂಕ, ಎದೆಯ ಸುತ್ತಳತೆ, ಆಡಿದ ಪಂದ್ಯ, ಗೆದ್ದ ಪಂದ್ಯ. ಯಾರ ಜೊತೆ ಆಡಿದ ಅನ್ನುವುದಕ್ಕೆ ಅಲ್ಲಿ ಜಾಗ ಇರಲಿಲ್ಲ. ದೊಡ್ಡ ನಂಬರ್ ಇದ್ದವನು ಗೆದ್ದ, ಕಾರ್ಡ್ ಕೊಡು, ಮುಗಿಯಿತು. ಆ ಕಾರ್ಡ್ ಬುದ್ಧಿ ನಮ್ಮನ್ನು ಬಿಟ್ಟು ಹೋಗಿಲ್ಲ. ಕುಂಬ್ಳೆ 1999ರಲ್ಲಿ ದೆಹಲಿಯಲ್ಲಿ 10 ವಿಕೆಟ್ ತೆಗೆದದ್ದನ್ನು ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತೇವೆ. ಹೇಳಲೇಬೇಕು. ಆದರೆ ಆ ದಿನ ಪಾಕಿಸ್ತಾನದ ಅನ್ವರ್ ಮತ್ತು ಅಫ್ರಿದಿ ಮೊದಲ ವಿಕೆಟ್‌ಗೆ 101 ರನ್ ಹೊಡೆದಿದ್ದರು ಅನ್ನುವುದನ್ನು ಎಷ್ಟು ಜನ ಸೇರಿಸಿ ಹೇಳುತ್ತಾರೆ? ಬೆಳಿಗ್ಗೆಯ ಆ ಹೆದರಿಕೆಯನ್ನು ತೆಗೆದುಬಿಟ್ಟರೆ ಆ ಹತ್ತರ ತೂಕ ಅರ್ಧ ಇಳಿಯುತ್ತದೆ.

ಫಿಕ್ಸ್ ಅನ್ನುವ ಮಾತಿಗೂ ಉತ್ತರ ಕೊಡಬೇಕು. ಯಾರು ಗೆಲ್ಲಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರುತ್ತದೆ, ಹೌದು. ಅಮೆರಿಕದ ಚಿಕ್ಕ ಮಕ್ಕಳಿಗೂ ಗೊತ್ತು. ನಮ್ಮ ಕಡೆ ರಾತ್ರಿಯಿಡೀ ಕುರುಕ್ಷೇತ್ರ ನಾಟಕ ಆಡುತ್ತಾರಲ್ಲ, ಬೆಳಗಿನ ಜಾವಕ್ಕೆ ದುರ್ಯೋಧನ ಬೀಳುತ್ತಾನೆ ಅಂತ ಗೊತ್ತಿಲ್ಲದೆ ಯಾರಾದರೂ ಬಂದು ಕೂರುತ್ತಾರೆಯೇ? ಆದರೂ ಅವನ ಒಂದೊಂದು ಕಂದಕ್ಕೂ ಒನ್ಸ್ ಮೋರ್ ಕೂಗುತ್ತಾರೆ, ನೋಟಿನ ಹಾರ ಹಾಕುತ್ತಾರೆ. ಇನ್ನು ಮೈಗೆ ಬೀಳುವ ಪೆಟ್ಟನ್ನು ಯಾರೂ ಮೊದಲೇ ಬರೆದಿಡುವುದಿಲ್ಲ. 2007ರ ಅಕ್ಟೋಬರ್‌ನಲ್ಲಿ ಸೀನಾನ ಎದೆಯ ಸ್ನಾಯು ಮ್ಯಾಚ್ ನಡುವೆಯೇ ಹರಿಯಿತು. ಅವನು ಆ ಮ್ಯಾಚ್ ಮುಗಿಸಿದ. 2015ರಲ್ಲಿ ಸೆತ್ ರಾಲಿನ್ಸ್‌ನ ಮೊಣಕಾಲು ತಾಗಿ ಮೂಗು ಮುರಿದು ಒಂದು ಪಕ್ಕಕ್ಕೆ ವಾಲಿತು. ಆ ಮುಖದಲ್ಲೇ ಉಳಿದ ಮ್ಯಾಚ್ ಆಡಿದ. ಇದನ್ನು ಸುಳ್ಳು ಕುಸ್ತಿ ಅನ್ನುವವರ ಜೊತೆ ನಾನು ವಾದಕ್ಕೆ ನಿಲ್ಲುತ್ತೇನೆ.

ನಮ್ಮ ಬೀಳ್ಕೊಡುಗೆಗಳ ವಿಷಯಕ್ಕೆ ಬರುತ್ತೇನೆ. ನನ್ನ ಸೋದರಮಾವ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಅವರ ನಿವೃತ್ತಿಯ ದಿನ ನಾನು ಊರಿನಲ್ಲಿದ್ದೆ. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಎಲ್ಲವೂ ಆಯಿತು. ಒಬ್ಬರಾದ ಮೇಲೆ ಒಬ್ಬರು ಬಂದು ಸರಳ ಜೀವಿ, ಸಜ್ಜನ, ಅಜಾತಶತ್ರು ಅಂದರು. ಎಷ್ಟು ವರ್ಷ ಸೇವೆ, ಎಷ್ಟು ಊರು, ಎಷ್ಟು ಪರ್ಸೆಂಟ್ ರಿಸಲ್ಟ್ ಅಂತ ಓದಿದರು. ಒಂದು ದಿನದ, ಒಂದು ಪಾಠದ, ಒಂದು ಜಗಳದ ಮಾತೂ ಬರಲಿಲ್ಲ.

ನಿಜವಾಗಿ ಮಾವನ ವೃತ್ತಿಯೆಲ್ಲ ಒಂದು ದೊಡ್ಡ ಜಗಳದ ಸುತ್ತ ಇತ್ತು. ಅದೇ ಶಾಲೆಯ ಕನ್ನಡ ಮೇಷ್ಟ್ರಿಗೂ ಮಾವನಿಗೂ ಬೆಳಗಿನ ಮೊದಲ ಪೀರಿಯಡ್ಡೇ ಬೇಕಿತ್ತು. ಪ್ರತಿ ಜೂನ್‌ನಲ್ಲಿ ಟೈಮ್ ಟೇಬಲ್ ಹಾಕುವಾಗ ಇಬ್ಬರಿಗೂ ಯುದ್ಧ. ಗಣಿತಕ್ಕೆ ತಲೆ ತಾಜಾ ಇರಬೇಕು ಅಂತ ಇವರು, ದಿನ ಶುರುವಾಗಬೇಕಾದ್ದು ಪದ್ಯದಿಂದ ಅಂತ ಅವರು. ಮೊದಲ ಪೀರಿಯಡ್ ಸಿಕ್ಕವರು ಅದಕ್ಕೆ ತಕ್ಕ ಹಾಗೆ ಪಾಠ ಮಾಡಬೇಕಿತ್ತು, ಇಲ್ಲದಿದ್ದರೆ ಇನ್ನೊಬ್ಬರು ಬಿಡುತ್ತಿರಲಿಲ್ಲ. ಇಬ್ಬರೂ ಒಳ್ಳೆಯ ಮೇಷ್ಟ್ರಾಗಿದ್ದಕ್ಕೆ ಆ ಹಟವೂ ಕಾರಣ ಅಂತ ನಾನು ನಂಬಿದ್ದೇನೆ. ಆ ಕನ್ನಡ ಮೇಷ್ಟ್ರು ಸಮಾರಂಭಕ್ಕೆ ಬಂದಿದ್ದರು. ಹಿಂದಿನ ಸಾಲಿನಲ್ಲಿ ಕೂತಿದ್ದರು. ಯಾರೂ ಅವರನ್ನು ವೇದಿಕೆಗೆ ಕರೆಯಲಿಲ್ಲ. ಕರೆದರೆ ಏನಾದರೂ ಅಂದುಬಿಟ್ಟಾರು ಅನ್ನುವ ಭಯ. ಅಲ್ಲಿ ಮಾತಾಡಿದವರಲ್ಲಿ ಹೆಚ್ಚಿನವರು ಮಾವನ ಪಾಠವನ್ನು ಒಮ್ಮೆಯೂ ಕೇಳಿದವರಲ್ಲ. ಗೋಡೆಯಾಚೆಗೆ ಕೂತು ದಿನಾ ಕೇಳಿಸಿಕೊಂಡವರು ಸುಮ್ನೆ ಕೂತು ಊಟ ಮಾಡಿಕೊಂಡು ಹೋದರು.

ಇಲ್ಲಿ ಸೀನಾನ ಕೊನೆಯ ವರ್ಷ ಹೇಗಿತ್ತು ಗೊತ್ತಾ? ನಿವೃತ್ತಿಯ ಸುದ್ದಿಯನ್ನು 2024ರ ಜುಲೈನಲ್ಲಿ ಟೊರಾಂಟೊದಲ್ಲಿ ಹೇಳಿದ. 2025 ಪೂರ್ತಿ ಅವನು ತಿರುಗಾಡಿದ್ದು ಎದುರಾಳಿಗಳ ನಡುವೆಯೇ. ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಕೋಡಿ ರೋಡ್ಸ್‌ನನ್ನು ಸೋಲಿಸಿ 17ನೇ ಸಲ ಚಾಂಪಿಯನ್ ಆದ. ಆಗಸ್ಟ್‌ನಲ್ಲಿ ನಮ್ಮ ನ್ಯೂಜೆರ್ಸಿಯ ಮೆಟ್‌ಲೈಫ್ ಸ್ಟೇಡಿಯಂನಲ್ಲಿ ಅದೇ ಕೋಡಿಗೆ ಬೆಲ್ಟ್ ಬಿಟ್ಟುಕೊಟ್ಟ. ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಸ್ಟೈಲ್ಸ್ ಜೊತೆ ಕೊನೆಯ ಸಲ ಆಡಿದ. ಆ ಮ್ಯಾಚ್ ನೋಡುವಾಗ ನನ್ನ ಕಣ್ಣು ತುಂಬಿತು. ಇಬ್ಬರೂ ತಮ್ಮ ಪಟ್ಟುಗಳ ಜೊತೆಗೆ ತಮ್ಮ ಹಳೆಯ ಎದುರಾಳಿಗಳ ಪಟ್ಟುಗಳನ್ನು ಹಾಕುತ್ತಾ ಹೋದರು. ಒಂದೊಂದು ಪಟ್ಟು ಬಿದ್ದಾಗಲೂ ಜನ ಅದು ಯಾರದ್ದು ಅಂತ ಗುರುತು ಹಿಡಿದು ಕೂಗಿದರು. ಭಾಷಣದಲ್ಲಿ ಹೇಳಬೇಕಾದ ಥ್ಯಾಂಕ್ಸನ್ನು ಇವರು ಕುಸ್ತಿಯಲ್ಲೇ ಹೇಳಿದರು.

ಕೊನೆಗೆ ಡಿಸೆಂಬರ್ 13, ವಾಷಿಂಗ್ಟನ್. ಎದುರಿಗೆ ಆಸ್ಟ್ರಿಯಾದ ಗುಂಥರ್. ಸೋಲೊಪ್ಪಬೇಡ ಅಂತ ಟೀಶರ್ಟಿನ ಮೇಲೆ ಬರೆಸಿಕೊಂಡು ತಿರುಗಿದವನು, 20 ವರ್ಷಕ್ಕೂ ಹೆಚ್ಚು ಕಾಲ ಟ್ಯಾಪ್ ಮಾಡದವನು, ಅಂದರೆ ಕೈ ತಟ್ಟಿ ಸೋಲೊಪ್ಪದವನು, ಗುಂಥರ್‌ನ ಹಿಡಿತದಲ್ಲಿ ಒಂದು ನಗು ನಕ್ಕು ಟ್ಯಾಪ್ ಮಾಡಿದ. 2002ರ ಜೂನ್‌ನಲ್ಲಿ ಟೀವಿಯ ಮೊದಲ ಮ್ಯಾಚ್‌ನಲ್ಲಿ ಕರ್ಟ್ ಆಂಗಲ್ ಎದುರು ಸೋತೇ ಶುರು ಮಾಡಿದ್ದ. ಅವತ್ತು ಆಂಗಲ್ ಅವನಿಗೆ ಸಮಸಮ ಆಡಲು ಬಿಟ್ಟ, ಅದಕ್ಕೇ ಜನ ಆ ಹುಡುಗನನ್ನು ತಿರುಗಿ ನೋಡಿದರು. ಈಗ ಗುಂಥರ್‌ಗೆ ಇವನು ಅದನ್ನೇ ಮಾಡಿದ. ನನ್ನ ಗೆಳೆಯರು ಏನೇ ಹೇಳಲಿ, ಇದಕ್ಕಿಂತ ಒಳ್ಳೆಯ ಕೊನೆ ನನಗೆ ಹೊಳೆಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಬಿಟ್ಟಿರುವ ಕೆಲವು ಮಾತುಗಳನ್ನೂ ಹೇಳಬೇಕು. ವಾಷಿಂಗ್ಟನ್‌ನಲ್ಲಿ ಆ ರಾತ್ರಿ ಸೇರಿದ್ದ ಅಮೆರಿಕದವರೂ ಸೋಲನ್ನು ಅಪ್ಪಿಕೊಳ್ಳಲಿಲ್ಲ. ಜೋರಾಗಿ ಬೈದರು. ಕಂಪನಿಯಲ್ಲಿ ಯಾರು ಗೆಲ್ಲಬೇಕು ಅನ್ನುವ ತೀರ್ಮಾನದ ಹೊಣೆ ಹೊತ್ತ ಟ್ರಿಪಲ್ ಎಚ್ ಬಂದಾಗ ಇನ್ನೂ ಜೋರಾಗಿ ಬೈದರು. ಕೋಪ ಇಳಿದ ಮೇಲೆ ತಾನೇ ಬೆಸ್ಟ್ ಮ್ಯಾಚ್‌ನ ಮಾತು ಶುರುವಾಗಿದ್ದು? ನನ್ನ ಗೆಳೆಯರ ಮೆಸೇಜ್ ಬಂದದ್ದು ಆ ಕೋಪದ ಹೊತ್ತಿನಲ್ಲೇ.

ಇನ್ನೊಂದು ಮಾತು ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ಉಮಾಗಾನನ್ನು ನೆನೆದ ಆ ಹಿರಿಯರು ಅದೇ ತಿಂಗಳ ಕೊನೆಗೆ ನಿವೃತ್ತರಾದರು. ಒಂದು ಇಮೇಲ್ ಬಂತು, ಅಡುಗೆಮನೆಯ ಮೇಜಿನ ಮೇಲೆ ಒಂದು ಕೇಕ್ ಇತ್ತು, ಬಂದವರು ಒಂದೊಂದು ತುಂಡು ತಗೊಂಡು ತಮ್ಮ ಜಾಗಕ್ಕೆ ಹೋದರು. ಅವರ ಬಗ್ಗೆ ಯಾರೂ ಎದ್ದು ನಿಂತು ಮಾತಾಡಲಿಲ್ಲ. ಮಧ್ಯಾಹ್ನ ಅವರೇ ತಮ್ಮ ಡಬ್ಬಿ ಎತ್ತಿಕೊಂಡು ಕಾರಿಗೆ ನಡೆದರು. ಆಗ ನನಗೆ ಮಾವನ ಪೇಟ, ಶಾಲು ನೆನಪಾಯಿತು. ಮಾವನ ಕೈ ಹಿಡಿದು ವೇದಿಕೆ ಹತ್ತಿಸಿದ್ದರು. ಅತ್ತೆಗೂ ಹಾರ ಹಾಕಿದ್ದರು. ಊರಿಗೆ ಊರೇ ಬಂದು ಉಂಡು ಹೋಗಿತ್ತು. ರಿಂಗಿನಲ್ಲಿ ಇರುವವನಿಗೆ ಇವರು ಕೊಡುವ ಮಮತೆಯಲ್ಲಿ ಒಂದು ಚೂರನ್ನು ಪಕ್ಕದ ಮೇಜಿನವರಿಗೆ ಕೊಡುವುದಿಲ್ಲ. ಅದು ನಮ್ಮಲ್ಲಿ ಇದೆ, ಒಪ್ಪಿಕೊಳ್ಳುತ್ತೇನೆ.

ಮೈಸೂರಿನವನಾಗಿ ಇನ್ನೊಂದನ್ನೂ ಒಪ್ಪಲೇಬೇಕು. ದಸರಾ ಕುಸ್ತಿ ಶುರುವಾಗುವ ಮೊದಲು ಜೋಡಿ ಕಟ್ಟುತ್ತಾರೆ. ಯಾರಿಗೆ ಯಾರು ಸರಿಸಾಟಿ ಅಂತ ತೂಕ, ವಯಸ್ಸು, ಹಿಂದಿನ ಆಟ ಎಲ್ಲ ನೋಡಿ ಇಬ್ಬರ ಕೈ ಕೂಡಿಸುತ್ತಾರೆ. ಗರಡಿಯ ಹಿರಿಯರ ಹತ್ತಿರ ಕೂತರೆ ಅವರೂ ಎರಡೆರಡು ಹೆಸರಿನಲ್ಲೇ ಮಾತಾಡುತ್ತಾರೆ. ಸಮಬಲವಾದ ಕುಸ್ತಿಯನ್ನು ಚಿತ್ ಆದ ಕುಸ್ತಿಗಿಂತ ಮೇಲೆ ಇಡುವವರನ್ನೂ ಕೇಳಿದ್ದೇನೆ. ಈ ಬುದ್ಧಿ ನಮ್ಮದೇ. ಗರಡಿಯ ಬಾಗಿಲು ದಾಟಿ ಶಾಲೆಗೆ, ಬ್ಯಾಂಕಿಗೆ, ಕಚೇರಿಗೆ ಅದು ಯಾಕೆ ಬರಲಿಲ್ಲ ಅನ್ನುವುದೇ ನನ್ನ ಸಂಕಟ.

ಮುಂದಿನ ವರ್ಷ ನಮ್ಮ ಚಿಕ್ಕಮ್ಮ ಬ್ಯಾಂಕಿನಿಂದ ನಿವೃತ್ತರಾಗುತ್ತಾರೆ. ಅವರ ಶಾಖೆಯಲ್ಲಿ ಒಬ್ಬರು ಯೂನಿಯನ್ ಲೀಡರ್ ಇದ್ದಾರೆ, ಚಿಕ್ಕಮ್ಮನಿಗೂ ಅವರಿಗೂ ಆಗಿಬರುವುದಿಲ್ಲ. ಕಂಪ್ಯೂಟರ್ ಬಂದ ಕಾಲದಿಂದ ಇಬ್ಬರೂ ವಾದ ಮಾಡುತ್ತಲೇ ಬಂದಿದ್ದಾರೆ. ಫೋನ್ ಮಾಡಿದಾಗ ಹೇಳಿದೆ, "ಚಿಕ್ಕಮ್ಮಾ, ಸಮಾರಂಭದಲ್ಲಿ ಮೊದಲು ಅವರ ಕೈಗೇ ಮೈಕ್ ಕೊಡಿಸಿ. ನಿಮ್ಮ ಕೆಲಸ ಅವರಷ್ಟು ಗಮನ ಇಟ್ಟು ನೋಡಿದವರು ಇನ್ಯಾರೂ ಇಲ್ಲ." ಚಿಕ್ಕಮ್ಮ ಒಂದು ಕ್ಷಣ ಸುಮ್ಮನಾದರು. ಆಮೇಲೆ, "ಸುಮ್ನಿರೋ, ಅವನು ಶುರು ಮಾಡಿದ್ರೆ ಊಟದ ಹೊತ್ತು ಮೀರುತ್ತೆ" ಅಂದರು. ಬೇಡ ಅಂತ ಮಾತ್ರ ಅನ್ನಲಿಲ್ಲ.