ಕೋಲ್ಡ್ ಬ್ರೂನಲ್ಲೂ ಕೆಫೀನ್ ಇದೆ

ಕೋಲ್ಡ್ ಬ್ರೂ ಅಂದರೆ ಕಾಫಿಪುಡಿಯನ್ನು ತಣ್ಣೀರಿನಲ್ಲಿ ನೆನೆಸಿ ಸೋಸಿದ ಕಾಫಿ. ಅದರ ಬಗ್ಗೆ ಚಿಕ್ಕಮಗಳೂರಿನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಕೋಲ್ಡ್ ಬ್ರೂಗೆ ಬಿಸಿನೀರು ಹಾಕಲ್ಲ, ಹಾಗಾಗಿ ಕೆಫೀನ್ ಇಳಿಯಲ್ಲ. ರಾತ್ರಿ ಎಷ್ಟು ಬೇಕಾದ್ರೂ ಕುಡೀಬಹುದು." ಇದು ತಪ್ಪು.

ನಿದ್ದೆ ಓಡಿಸುವ ಕೆಫೀನ್ ತಣ್ಣೀರಿನಲ್ಲೂ ಕರಗುತ್ತದೆ, ನಿಧಾನವಾಗಿ ಅಷ್ಟೇ. ಅದಕ್ಕೇ ಅಲ್ವಾ ಪುಡಿಯನ್ನು 12ರಿಂದ 18 ಗಂಟೆ ನೆನೆಹಾಕುವುದು? ಪುಡಿಯೂ ಜಾಸ್ತಿ ಬೇಕು. 100 ಗ್ರಾಂಗೆ ಮುಕ್ಕಾಲು ಲೀಟರ್ ನೀರು ಹಾಕಿದರೆ ಸಿಗುವುದು ಗಟ್ಟಿ ಡಿಕಾಕ್ಷನ್. ಅದಕ್ಕೆ ಅಷ್ಟೇ ನೀರೋ ಹಾಲೋ ಬೆರೆಸಬೇಕು. ಸುಮ್ನೆ ಹಾಗೇ ಲೋಟ ತುಂಬ ಕುಡಿದರೆ ನಿದ್ದೆ ಗೋವಿಂದ! ರೋಬಸ್ಟಾ ಜಾತಿಯ ಕಾಫಿ ಆದರಂತೂ ಕೇಳುವುದೇ ಬೇಡ, ಅರೇಬಿಕಾ ಜಾತಿಗಿಂತ ಅದರಲ್ಲಿ ಕೆಫೀನ್ ಸುಮಾರು ಎರಡರಷ್ಟು.

ಕೋಲ್ಡ್ ಬ್ರೂನಲ್ಲಿ ಕಹಿ, ಹುಳಿ ಕಡಿಮೆ ಅನ್ನಿಸುವುದು ನಿಜ. ಕಹಿ ಕಡಿಮೆ ಅಂದರೆ ಕೆಫೀನೂ ಕಡಿಮೆ ಅಂದುಕೊಂಡು ಮೆಸೇಜ್ ಬರೆದವರು ಅಲ್ಲೇ ಎಡವಿರಬೇಕು.

"ಮನೆಯ ಫಿಲ್ಟರ್ ಪುಡಿಯೇ ಸಾಕು" ಅಂತಲೂ ಅದರಲ್ಲಿದೆ. ಚಿಕೋರಿ ಬೆರೆತ ನುಣ್ಣನೆ ಪುಡಿ ಹಾಕಿ ನೋಡಿ, ಬಟ್ಟೆಯಲ್ಲಿ ಸೋಸಿದರೂ ಗಸಿ ಇಳಿದು ಲೋಟದ ತಳ ಹಿಡಿಯುತ್ತದೆ. ಕಾಫಿಪುಡಿ ಅಂಗಡಿಯಲ್ಲಿ "ಚಿಕೋರಿ ಬೇಡ, ಇಡ್ಲಿ ರವೆಯ ಹಾಗೆ ತರಿಯಾಗಿರಲಿ" ಅಂತ ಹೇಳಿ ಪುಡಿ ಮಾಡಿಸಿಕೊಳ್ಳಿ. ನೆನೆಸಿದ ಪಾತ್ರೆ ಮುಚ್ಚಿ ಫ್ರಿಜ್ಜಿನಲ್ಲೇ ಇಡಿ, ಹೊರಗೆ ಎಷ್ಟೇ ಚಳಿ ಇದ್ದರೂ.